ಯಾಕೆ ಹೀಗೆ? – ನಮ್ಮ 'ಯಾಕೆ ಡಬ್ಬಿ'ಯಿಂದ ಏಳು ಪ್ರಶ್ನೆಗಳು

"ಅಮ್ಮಾ, ಇದು ಯಾಕೆ ಹೀಗೆ?" ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತಿದು. ಅಮ್ಮ ಒಲೆಯ ಮುಂದೆ ನಿಂತಿರುತ್ತಾರೆ. ಅಪ್ಪ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿರುತ್ತಾರೆ. "ಆಮೇಲೆ ಹೇಳ್ತೀನಿ ಪುಟ್ಟಾ, ಮೊದಲು ಹೋಂವರ್ಕ್ ಮುಗಿಸು" ಎಂಬ ಉತ್ತರ ಸಿಗುತ್ತದೆ. ಆ 'ಆಮೇಲೆ' ಮಾತ್ರ ಎಂದೂ ಬರುವುದಿಲ್ಲ. ನಾವು ಇಲ್ಲಿ ಯಾರನ್ನೂ ದೂರುತ್ತಿಲ್ಲ. ಪಾಠ ಮುಗಿಸುವ ಅವಸರದಲ್ಲಿ ತರಗತಿಯಲ್ಲಿ ನಾವೂ ಎಷ್ಟೋ ಸಲ ಹೀಗೆಯೇ ಹೇಳಿದ್ದೇವೆ.

ಈ ತಪ್ಪನ್ನು ಸ್ವಲ್ಪವಾದರೂ ತಿದ್ದಿಕೊಳ್ಳೋಣವೆಂದು ಈ ವರ್ಷ ಕನ್ನಡ ತರಗತಿಯಲ್ಲಿ ಹಾಲಿನ ಪುಡಿಯ ಒಂದು ಖಾಲಿ ಡಬ್ಬಿ ಇಟ್ಟೆವು. ಮುಚ್ಚಳದಲ್ಲಿ ಒಂದು ಸೀಳು ಮಾಡಿ, ಮೇಲೆ 'ಯಾಕೆ ಡಬ್ಬಿ' ಎಂದು ಬರೆದು ಅಂಟಿಸಿದೆವು. ನಿಯಮಗಳು ಎರಡೇ. ಮನೆಯಲ್ಲಿ ಅಥವಾ ದಾರಿಯಲ್ಲಿ ನೀವೇ ಕಂಡದ್ದರ, ಕೇಳಿದ್ದರ ಬಗ್ಗೆ ಪ್ರಶ್ನೆ ಇರಬೇಕು. ಅದನ್ನು ಕನ್ನಡದಲ್ಲಿ ಬರೆಯಬೇಕು. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.

ಐದು ಮತ್ತು ಆರನೇ ತರಗತಿಯವರ ಚೀಟಿಗಳಿಂದಲೇ ಡಬ್ಬಿ ತುಂಬಿತು. ಒಂಬತ್ತನೇ ತರಗತಿಯಿಂದ ಬಂದ ಚೀಟಿಗಳು ಬೆರಳೆಣಿಕೆಯಷ್ಟು. "ಮಿಸ್, ಇದು ಪರೀಕ್ಷೆಗೆ ಬರುತ್ತಾ?" ಎಂದು ಕೇಳಿದವರೇ ಅಲ್ಲಿ ಹೆಚ್ಚು. ಮೂರು ನಾಲ್ಕು ವರ್ಷಗಳಲ್ಲಿ ಮಕ್ಕಳ ಕುತೂಹಲ ಎಲ್ಲಿಗೆ ಹೋಯಿತು ಎಂಬ ಚಿಂತೆ ನಮ್ಮನ್ನು ಕಾಡಿತು. ಅದಕ್ಕಾಗಿಯೇ ಈ ಲೇಖನ.

ನಾವು ಭಾಷಾ ಶಿಕ್ಷಕರು. ಚೀಟಿಗಳನ್ನು ಓದಿದಾಗ ಅರ್ಧಕ್ಕರ್ಧ ಉತ್ತರ ನಮಗೇ ಗೊತ್ತಿರಲಿಲ್ಲ. ಪುಸ್ತಕ ತೆರೆದೆವು, ವಿಜ್ಞಾನ ಶಿಕ್ಷಕರನ್ನು ಕೇಳಿದೆವು, ಕೆಲವನ್ನು ಮನೆಯಲ್ಲೇ ಮಾಡಿ ನೋಡಿದೆವು. ಅವುಗಳಲ್ಲಿ ಏಳು ಪ್ರಶ್ನೆಗಳನ್ನು ಆರಿಸಿ, ಬೆಳಗಿನಿಂದ ರಾತ್ರಿಯವರೆಗಿನ ಕ್ರಮದಲ್ಲಿ ಇಲ್ಲಿ ಕೊಟ್ಟಿದ್ದೇವೆ.

1. ಹಾಲು ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ?

"ಹೊಸ ಫ್ಲ್ಯಾಟಿಗೆ ಬಂದ ದಿನ ಅಮ್ಮ ಬೇಕೆಂದೇ ಹಾಲು ಉಕ್ಕಿಸಿದರು. ಬೇರೆ ದಿನ ಉಕ್ಕಿದರೆ ನನಗೆ ಬೈಯುತ್ತಾರೆ" ಎಂದು ಒಂದು ಪುಟ್ಟ ಹುಡುಗಿ ದೂರು ಸಮೇತ ಪ್ರಶ್ನೆ ಬರೆದಿದ್ದಳು.

ನೀರು ಕುದಿಯುವಾಗ ತಳದಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಅವು ಮೇಲೆ ಬಂದ ಕೂಡಲೇ ಒಡೆದು ಹೋಗುತ್ತವೆ. ಹಾಲಿನಲ್ಲಿಯೂ ಗುಳ್ಳೆಗಳು ಹುಟ್ಟುತ್ತವೆ. ಆದರೆ ಹಾಲಿನಲ್ಲಿರುವ ಪ್ರೋಟೀನು ಪ್ರತಿಯೊಂದು ಗುಳ್ಳೆಗೂ ತೆಳುವಾದ ಅಂಗಿ ತೊಡಿಸಿದಂತೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಗುಳ್ಳೆ ಸುಲಭವಾಗಿ ಒಡೆಯುವುದಿಲ್ಲ. ಸಾಲದ್ದಕ್ಕೆ, ಕಾದ ಹಾಲಿನ ಮೇಲೆ ಕೆನೆ ಮುಚ್ಚಳದಂತೆ ಕಟ್ಟಿಕೊಂಡಿರುತ್ತದೆ. ಕೆಳಗಿನಿಂದ ಒಂದರ ಮೇಲೊಂದು ಬರುವ ಗುಳ್ಳೆಗಳು ನೊರೆಯಾಗಿ ಆ ಕೆನೆಯನ್ನೇ ಎತ್ತಿಕೊಂಡು ಪಾತ್ರೆಯಿಂದ ಹೊರಗೆ ಬರುತ್ತವೆ.

ಹಾಲು ಉಕ್ಕಿ ಬಂದಾಗ ನಮ್ಮ ಅಜ್ಜಿಯರು ಒಂದು ಚಿಟಿಕೆ ತಣ್ಣೀರು ಚಿಮುಕಿಸುತ್ತಿದ್ದರು. ನೊರೆ ತಣ್ಣಗಾದ ಕೂಡಲೇ ಗುಳ್ಳೆಯೊಳಗಿನ ಆವಿ ಕುಗ್ಗಿ, ನೊರೆ ಇಳಿದು ಬಿಡುತ್ತದೆ. ಪಾತ್ರೆಯ ಮೇಲೆ ಮರದ ಸೌಟನ್ನು ಅಡ್ಡ ಇಟ್ಟರೆ ಅದಕ್ಕೆ ತಗುಲಿದ ಗುಳ್ಳೆಗಳು ಒಡೆಯುತ್ತವೆ. ಓಡಿ ಬರಲು ನಮಗೆ ಸ್ವಲ್ಪ ಸಮಯ ಸಿಗುತ್ತದೆ. ಆದರೆ ನಂಬಬಹುದಾದ ಉಪಾಯ ಒಂದೇ: ಒಲೆಯ ಉರಿ ಸಣ್ಣದು ಮಾಡುವುದು!

2. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಯಾಕೆ ಬರುತ್ತದೆ?

ಊರಿನಿಂದ ಬೇಸಿಗೆಯಲ್ಲಿ ಇಲ್ಲಿಗೆ ಬಂದ ನೆಂಟರು ಮೊದಲ ದಿನವೇ ಕೇಳುವ ಪ್ರಶ್ನೆ ಇದು. ಜುಲೈ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಬೇಸಿಗೆ ಶುರುವಾದ ಕೂಡಲೇ ಹೀಟರ್ ಸ್ವಿಚ್ ಆರಿಸಿ, ಸ್ನಾನಕ್ಕೆ ಬಿಸಿನೀರಿನ ನಲ್ಲಿಯನ್ನೇ ಬಳಸುತ್ತಾರೆ. ಅದರಲ್ಲಿ ಹಿತವಾದ ನೀರು ಬರುತ್ತದೆ. ಎಲ್ಲವೂ ತಲೆಕೆಳಗು!

ಕಾರಣ ಸರಳ. ತಣ್ಣೀರಿನ ಟ್ಯಾಂಕ್ ಇರುವುದು ಮಹಡಿಯ ಮೇಲೆ, ಬಿಸಿಲಿನಲ್ಲಿ. ಹೊರಗೆ 45 ಡಿಗ್ರಿ ಸೆಲ್ಸಿಯಸ್ ಇರುವಾಗ ಟ್ಯಾಂಕೂ ಪೈಪುಗಳೂ ಕಾಯುತ್ತವೆ. ಹೀಟರಿನ ಟ್ಯಾಂಕ್ ಇರುವುದು ಮನೆಯೊಳಗೆ, ನೆರಳಿನಲ್ಲಿ. ಅದರ ಸುತ್ತ ಶಾಖವನ್ನು ತಡೆಯುವ ಪದರವೊಂದಿರುತ್ತದೆ. ಆ ಪದರಕ್ಕೆ ಬಿಸಿ, ತಂಪು ಎಂಬ ಭೇದವಿಲ್ಲ. ಚಳಿಗಾಲದಲ್ಲಿ ಒಳಗಿನ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಬೇಸಿಗೆಯಲ್ಲಿ ಹೊರಗಿನ ಶಾಖ ಒಳಗೆ ಬರದಂತೆ ತಡೆಯುತ್ತದೆ. ನಾವು ಶಾಲೆಗೆ ತರುವ ಫ್ಲಾಸ್ಕಿನಲ್ಲಿ ಕಾಫಿ ಬಿಸಿಯಾಗಿಯೂ ಪಾನಕ ತಂಪಾಗಿಯೂ ಉಳಿಯುವುದು ಹೀಗೆಯೇ. (ಮಕ್ಕಳೇ, ಹೀಟರ್ ಸ್ವಿಚ್ ಮುಟ್ಟುವ ಕೆಲಸ ದೊಡ್ಡವರಿಗೇ ಇರಲಿ.)

ಈ ನೀರು ಎಲ್ಲಿಯದು ಎಂಬುದನ್ನೂ ತಿಳಿಯೋಣ. ಕತಾರಿನಲ್ಲಿ ನದಿಯೇ ಇಲ್ಲ. ವರ್ಷದ ಸರಾಸರಿ ಮಳೆ ಸುಮಾರು 75–80 ಮಿಲಿಮೀಟರ್ ಮಾತ್ರ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ! ಇಲ್ಲಿನ ನಲ್ಲಿ ನೀರು ಬಹುತೇಕ ಎಲ್ಲವೂ ಸಮುದ್ರದ್ದು. ಅಲ್ ವಕ್ರಾ ಬಳಿಯ ರಾಸ್ ಅಬು ಫೊಂಟಾಸ್‌ನಂತಹ ಕರಾವಳಿಯ ಸ್ಥಾವರಗಳಲ್ಲಿ ಉಪ್ಪುನೀರನ್ನು ಕಾಯಿಸಿ ಆವಿ ಮಾಡಿ ತಂಪುಗೊಳಿಸುತ್ತಾರೆ, ಇಲ್ಲವೇ ಬಹಳ ಒತ್ತಡದಿಂದ ಸೂಕ್ಷ್ಮ ಪೊರೆಗಳ ಮೂಲಕ ಸೋಸುತ್ತಾರೆ. ಸಾಮಾನ್ಯವಾಗಿ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಈ ಕೊಲ್ಲಿಯಲ್ಲಿ 40 ಗ್ರಾಂ ದಾಟುತ್ತದೆ. ಅಷ್ಟನ್ನೂ ಬೇರ್ಪಡಿಸಲು ಎಷ್ಟು ಇಂಧನ ಬೇಕೆಂದು ಊಹಿಸಿ. ಹಲ್ಲುಜ್ಜುವಾಗ ನಲ್ಲಿಯನ್ನು ಸುಮ್ಮನೆ ಬಿಡುವವರು ಇದನ್ನು ನೆನಪಿಡಲಿ.

3. ಕಾರಿನಿಂದ ಇಳಿದ ಕೂಡಲೇ ಕನ್ನಡಕ ಯಾಕೆ ಮಂಜಾಗುತ್ತದೆ?

ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಶಾಲೆಯ ಗೇಟಿನ ಬಳಿ ನಿಂತು ನೋಡಿ. ಎ.ಸಿ. ಬಸ್ಸಿನಿಂದ ಇಳಿದ ಕನ್ನಡಕದ ಮಕ್ಕಳೆಲ್ಲ ಕುರುಡರಂತೆ ತಡವರಿಸುತ್ತಾ ಕರವಸ್ತ್ರ ಹುಡುಕುತ್ತಿರುತ್ತಾರೆ.

ಆಗ ಸಮುದ್ರದ ಕಡೆಯಿಂದ ಬರುವ ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ತುಂಬಿರುತ್ತದೆ. ಬಸ್ಸಿನೊಳಗೆ ಕನ್ನಡಕದ ಗಾಜು ತಣ್ಣಗಾಗಿರುತ್ತದೆ. ತಣ್ಣನೆಯ ಗಾಜಿಗೆ ತಗುಲಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣಗಿನ ಗಾಳಿಯಲ್ಲಿ ಅಷ್ಟೊಂದು ಆವಿ ನಿಲ್ಲಲಾರದು. ಹೆಚ್ಚಾದದ್ದು ಸಣ್ಣ ಹನಿಗಳಾಗಿ ಗಾಜಿನ ಮೇಲೆ ಕೂರುತ್ತದೆ. ಒಂದೆರಡು ನಿಮಿಷದಲ್ಲಿ ಗಾಜು ಬೆಚ್ಚಗಾದ ಮೇಲೆ ಮಂಜು ತಾನೇ ಹೋಗುತ್ತದೆ.

ಇದನ್ನು ನಾವು ಊರಿನಲ್ಲೇ ನೋಡಿದ್ದೇವೆ. ತಣ್ಣನೆಯ ಮಜ್ಜಿಗೆ ತುಂಬಿದ ಲೋಟದ ಹೊರಗೆ ಹನಿ ಮೂಡಿದಾಗ "ಲೋಟ ಸೋರುತ್ತಿದೆ" ಎಂದು ಚಿಕ್ಕವರು ತಿಳಿಯುತ್ತಾರೆ. ಲೋಟದೊಳಗಿನ ಮಜ್ಜಿಗೆ ಬೆಳ್ಳಗಿದೆ, ಹೊರಗಿನ ಹನಿ ತಿಳಿನೀರು! ಅಂದರೆ ಅದು ಗಾಳಿಯಿಂದ ಬಂದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎ.ಸಿ.ಯ ಪೈಪಿನಿಂದ ತೊಟ್ಟಿಕ್ಕುವ ನೀರೂ ಇದೇ.

ಜೂನ್ ತಿಂಗಳಲ್ಲಿ ವಾಯವ್ಯದಿಂದ 'ಶಮಾಲ್' ಎಂಬ ಒಣಗಾಳಿ ಬೀಸುವಾಗ ಬಿಸಿಲು ಎಷ್ಟಿದ್ದರೂ ಕನ್ನಡಕ ಮಂಜಾಗುವುದು ಕಡಿಮೆ, ಬೆವರೂ ಬೇಗ ಆರುತ್ತದೆ. ಕಲಬುರಗಿಯ ಬಿಸಿಲಿಗೂ ಮಂಗಳೂರಿನ ಸೆಕೆಗೂ ಇರುವ ವ್ಯತ್ಯಾಸವೇ ಇದು. ಎರಡೂ ಊರಿನವರು ನಮ್ಮ ಶಾಲೆಯಲ್ಲಿದ್ದಾರೆ, ಕೇಳಿ ನೋಡಿ.

4. ಅಜ್ಜಿಯ ಮನೆಯ ಗಡಿಯಾರ ಎರಡೂವರೆ ಗಂಟೆ ಮುಂದೆ ಯಾಕೆ?

"ನಾನು ಟ್ಯೂಷನ್ ಮುಗಿಸಿ ಏಳು ಗಂಟೆಗೆ ಫೋನ್ ಮಾಡಿದರೆ ಅಜ್ಜಿ ಮಲಗಿರುತ್ತಾರೆ. ಎರಡು ಗಂಟೆ ಅಲ್ಲ, ಮೂರು ಗಂಟೆ ಅಲ್ಲ, ಎರಡೂವರೆ ಯಾಕೆ?" ಎಂದು ಒಬ್ಬ ಹುಡುಗ ಬರೆದಿದ್ದ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಭಾರತದ ಗಡಿಯಾರವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದಾರೆ. ಕತಾರಿನ ಗಡಿಯಾರ 45 ಡಿಗ್ರಿ ರೇಖಾಂಶಕ್ಕೆ ಸರಿಹೊಂದುತ್ತದೆ. ವ್ಯತ್ಯಾಸ 37.5 ಡಿಗ್ರಿ. ನಾಲ್ಕರಿಂದ ಗುಣಿಸಿ: 150 ನಿಮಿಷ, ಅಂದರೆ ಎರಡೂವರೆ ಗಂಟೆ!

ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ನಾವಿರುವ ಅಲ್ ವುಕೈರ್ 45 ಡಿಗ್ರಿಯಲ್ಲಿಲ್ಲ, ಸುಮಾರು 51.5 ಡಿಗ್ರಿಯಲ್ಲಿದೆ. ಹೀಗಾಗಿ ಸೂರ್ಯ ಇಲ್ಲಿ ನೆತ್ತಿಯ ಗೆರೆಗೆ ಬರುವುದು 12 ಗಂಟೆಗಲ್ಲ, ಸರಾಸರಿ 11 ಗಂಟೆ 34 ನಿಮಿಷಕ್ಕೆ. ಬೆಂಗಳೂರು 77.6 ಡಿಗ್ರಿಯಲ್ಲಿರುವುದರಿಂದ ಅಲ್ಲಿ ಸರಾಸರಿ 12 ಗಂಟೆ 20 ನಿಮಿಷಕ್ಕೆ. ಎರಡೂ ಊರಿಗೆ ಸೂರ್ಯನ ಲೆಕ್ಕದಲ್ಲಿ ಇರುವ ಅಂತರ ಸುಮಾರು ಒಂದು ಮುಕ್ಕಾಲು ಗಂಟೆ ಮಾತ್ರ. ಉಳಿದ ಮುಕ್ಕಾಲು ಗಂಟೆ ಮನುಷ್ಯರು ಗಡಿಯಾರಕ್ಕೆ ಮಾಡಿಕೊಂಡ ಏರ್ಪಾಡು. ಜೂನ್ ತಿಂಗಳಲ್ಲಿ ಇಲ್ಲಿ ಬೆಳಗಿನ 4.45ರ ಹೊತ್ತಿಗೇ ಸೂರ್ಯ ಹುಟ್ಟಲು ಇದೂ ಒಂದು ಕಾರಣ.

ಇದನ್ನು ಪರೀಕ್ಷಿಸಲು ಯಂತ್ರ ಬೇಕಿಲ್ಲ. ಮಧ್ಯಾಹ್ನದ ದುಹರ್ ಆಜಾನ್ ಕೇಳಿ. ಸೂರ್ಯ ನೆತ್ತಿಯ ಗೆರೆ ದಾಟಿದ ಮೇಲೆ ಆ ನಮಾಜಿನ ಹೊತ್ತು ಆರಂಭವಾಗುತ್ತದೆ. ಅದಕ್ಕೇ ಇಲ್ಲಿ ಅದು ನವೆಂಬರ್ ಆರಂಭದಲ್ಲಿ 11.20ರ ಆಸುಪಾಸಿಗೆ, ಫೆಬ್ರವರಿಯಲ್ಲಿ 11.50ರ ಆಸುಪಾಸಿಗೆ ಕೇಳಿಸುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸರಿಯಾದ ವೃತ್ತವಲ್ಲದಿರುವುದು ಮತ್ತು ಭೂಮಿಯ ಅಕ್ಷ ಓರೆಯಾಗಿರುವುದು ಈ ಏರುಪೇರಿಗೆ ಕಾರಣ. ರಜಾದಿನ ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳು ಅತಿ ಚಿಕ್ಕದಾಗುವ ಹೊತ್ತನ್ನು ಬರೆದುಕೊಳ್ಳಿ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ. ಅದೇ ದಿನ ಊರಿನಲ್ಲಿ ಅಜ್ಜನಿಗೂ ಕೋಲು ನೆಡಲು ಹೇಳಿ!

5. ಸಿದ್ರಾ ಮರದ ಹಣ್ಣು ನಮ್ಮ ಬೋರೆಹಣ್ಣಿನ ಹಾಗೆಯೇ ಯಾಕಿದೆ?

ಯಾಕೆಂದರೆ ಅವೆರಡೂ ಹತ್ತಿರದ ಸಂಬಂಧಿಗಳು. ಕತಾರ್ ಫೌಂಡೇಷನ್ನಿನ ಲಾಂಛನದಲ್ಲಿರುವ ಸಿದ್ರಾ ಮರವೂ ನಮ್ಮ ಬೋರೆಯೂ 'ಜಿಜಿಫಸ್' ಎಂಬ ಒಂದೇ ಕುಲಕ್ಕೆ ಸೇರಿವೆ. ಮೈಸೂರು ಕಡೆಯವರು ಎಲಚಿ ಎನ್ನುತ್ತಾರೆ, ಧಾರವಾಡದ ಕಡೆಯವರು ಬಾರಿಹಣ್ಣು ಎನ್ನುತ್ತಾರೆ. ಅರಬ್ಬೀ ಭಾಷೆಯಲ್ಲಿ ಸಿದ್ರಾದ ಹಣ್ಣಿಗೆ 'ನಬಕ್' ಎಂದು ಹೆಸರು.

ಎಲೆಯನ್ನು ಹತ್ತಿರದಿಂದ ನೋಡಿ. ಬುಡದಿಂದಲೇ ಹೊರಟ ಮೂರು ನರಗಳು ತುದಿಯವರೆಗೆ ಹೋಗುತ್ತವೆ. ಬೋರೆಯಲ್ಲೂ ಹೀಗೆಯೇ. ಎರಡರಲ್ಲೂ ಮುಳ್ಳುಗಳಿವೆ, ಜೋಪಾನ! ಆಳಕ್ಕೆ ಇಳಿಯುವ ಬೇರುಗಳಿರುವುದರಿಂದಲೇ ಮರಳುಗಾಡಿನಲ್ಲಿ ಸಿದ್ರಾ ಹಸಿರಾಗಿ ನಿಲ್ಲುತ್ತದೆ. ಹಿಂದೆ ದಾರಿಹೋಕರಿಗೂ ಕುರಿ ಒಂಟೆಗಳಿಗೂ ಅದೇ ನೆರಳು.

ಇನ್ನೊಂದು ಸೋಜಿಗ. ಸಿದ್ರಾ ಎಲೆಯನ್ನು ಒಣಗಿಸಿ ಪುಡಿ ಮಾಡಿ ಅರಬರು ತಲೆ ತೊಳೆಯಲು ಬಳಸುತ್ತಾ ಬಂದಿದ್ದಾರೆ. ನಮ್ಮ ಸೀಗೆಕಾಯಿ, ಅಂಟುವಾಳಗಳ ಕೆಲಸವೂ ಅದೇ. ಈ ಮೂರರಲ್ಲೂ 'ಸಪೋನಿನ್' ಎಂಬ, ನೊರೆ ಬರಿಸುವ ವಸ್ತುವಿದೆ. ಸಾವಿರಾರು ಮೈಲಿ ದೂರದ ಎರಡು ನಾಡಿನ ಅಜ್ಜಿಯರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಗುಣವನ್ನು ಗಿಡಗಳಲ್ಲಿ ಹುಡುಕಿಕೊಂಡರು! ಸಂಕ್ರಾಂತಿಯಂದು ಪುಟ್ಟ ಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುವ ಪದ್ಧತಿ ನಮ್ಮ ಕೆಲವು ಮನೆಗಳಲ್ಲಿದೆ. ಇಲ್ಲಿ ಎಲಚಿ ಸಿಗಲಿಲ್ಲವೆಂದು ಬೇಸರಪಡುವ ತಾಯಂದಿರಿಗೆ ನಾವು ಹೇಳುವುದಿಷ್ಟೇ: ಅದರ ನೆಂಟ ಇಲ್ಲೇ ಇದ್ದಾನೆ.

6. ಸಿನಿಮಾದಲ್ಲಿ ಕಾರು ಮುಂದೆ, ಚಕ್ರ ಹಿಂದೆ! ಯಾಕೆ?

ರಜೆಯ ರಾತ್ರಿ ಮನೆಮಂದಿಯೆಲ್ಲ ಕೂತು ಕನ್ನಡ ಸಿನಿಮಾ ನೋಡುವಾಗ ಹೀರೋನ ಕಾರು ಧೂಳೆಬ್ಬಿಸಿಕೊಂಡು ಮುಂದೆ ಬರುತ್ತದೆ, ಚಕ್ರ ಮಾತ್ರ ಹಿಂದಕ್ಕೆ ತಿರುಗುತ್ತಿರುತ್ತದೆ. ಇದು ಕಂಪ್ಯೂಟರ್ ತಂತ್ರವಲ್ಲ, ನಮ್ಮ ಕಣ್ಣಿಗೆ ಆಗುವ ಮೋಸ.

ಸಿನಿಮಾ ಎಂದರೆ ಚಲಿಸುವ ಚಿತ್ರವಲ್ಲ. ಸೆಕೆಂಡಿಗೆ 24ರಂತೆ ತೋರಿಸುವ ನಿಂತ ಚಿತ್ರಗಳ ಸಾಲು. ಚಿತ್ರಕ್ಕೂ ಚಿತ್ರಕ್ಕೂ ನಡುವೆ ಏನಾಯಿತೆಂದು ನಮಗೆ ಕಾಣುವುದಿಲ್ಲ, ಮನಸ್ಸೇ ಊಹಿಸಿಕೊಳ್ಳುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಅಂದಿನಿಂದ ಕ್ಯಾಮೆರಾ, ಬಣ್ಣ, ಧ್ವನಿ ಎಲ್ಲ ಬದಲಾದರೂ 24ರ ಲೆಕ್ಕ ಇಂದಿಗೂ ಸಾಮಾನ್ಯವಾಗಿ ಉಳಿದಿದೆ.

ಗೋಡೆಯ ಗಡಿಯಾರದ ನಿಮಿಷದ ಮುಳ್ಳನ್ನು ನೆನೆಯಿರಿ. ಪ್ರತಿ 55 ನಿಮಿಷಕ್ಕೊಮ್ಮೆ ಅದರ ಫೋಟೋ ತೆಗೆಯುತ್ತಾ ಹೋದರೆ ಮುಳ್ಳು 12ರಲ್ಲಿ, ಆಮೇಲೆ 11ರಲ್ಲಿ, ಆಮೇಲೆ 10ರಲ್ಲಿ ಕಾಣುತ್ತದೆ. ಆ ಫೋಟೋಗಳನ್ನು ಸರಸರನೆ ತಿರುವಿದರೆ ಗಡಿಯಾರ ಹಿಂದಕ್ಕೆ ಓಡುತ್ತದೆ! ಸರಿಯಾಗಿ 60 ನಿಮಿಷಕ್ಕೊಮ್ಮೆ ತೆಗೆದರೆ ಮುಳ್ಳು ನಿಂತೇ ಇರುವಂತೆ ಕಾಣುತ್ತದೆ. ಕಾರಿನ ಚಕ್ರದ ಕಡ್ಡಿಗಳಿಗೂ ಆಗುವುದು ಇಷ್ಟೇ. ಮೊಬೈಲಿನಲ್ಲಿ ಸೀಲಿಂಗ್ ಫ್ಯಾನಿನ ವಿಡಿಯೋ ತೆಗೆದು, ಫ್ಯಾನಿನ ವೇಗವನ್ನು ಹೆಚ್ಚು ಕಡಿಮೆ ಮಾಡಿ ನೋಡಿ.

7. ರೆಕಾರ್ಡ್ ಮಾಡಿದ ನನ್ನ ಧ್ವನಿ ನನ್ನದಲ್ಲ ಅನಿಸುವುದು ಯಾಕೆ?

ಈ ಚೀಟಿಯನ್ನು ಕೊನೆಗೆ ಇಟ್ಟುಕೊಳ್ಳಲು ಕಾರಣವಿದೆ. ಇದನ್ನು ಬರೆದದ್ದು ಎಂಟನೇ ತರಗತಿಯ ಹುಡುಗ. ಊರಿನಲ್ಲಿರುವ ಅಜ್ಜಿಗೆ ಅವನು ಪ್ರತಿ ಶುಕ್ರವಾರ ವಾಯ್ಸ್ ಮೆಸೇಜ್ ಕಳುಹಿಸುತ್ತಿದ್ದ. ಒಂದು ದಿನ ತನ್ನದೇ ಮೆಸೇಜನ್ನು ಹಾಕಿ ಕೇಳಿದ. ಧ್ವನಿ ತೆಳ್ಳಗೆ, ಮೂಗಿನಿಂದ ಬಂದಂತೆ ಇತ್ತು. ತನ್ನ ಕನ್ನಡವೇ ಹೀಗೆ ವಿಚಿತ್ರವಾಗಿ ಕೇಳಿಸುತ್ತದೆ ಎಂದುಕೊಂಡ. ಅಂದಿನಿಂದ ಕಳುಹಿಸುವುದನ್ನೇ ನಿಲ್ಲಿಸಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಡಬ್ಬಿಗೆ ಮಾತ್ರ ಹೇಳಿದ.

ಉತ್ತರ ಇದು. ನಾವು ಮಾತನಾಡುವಾಗ ನಮ್ಮ ಧ್ವನಿ ನಮಗೆ ಎರಡು ದಾರಿಯಿಂದ ತಲುಪುತ್ತದೆ. ಒಂದು, ಬಾಯಿಯಿಂದ ಗಾಳಿಯ ಮೂಲಕ ಕಿವಿಗೆ. ಇನ್ನೊಂದು, ಗಂಟಲಿನ ಕಂಪನ ದವಡೆ ಮತ್ತು ತಲೆಬುರುಡೆಯ ಮೂಳೆಗಳ ಮೂಲಕ ನೇರವಾಗಿ ಒಳಕಿವಿಗೆ. ಮೂಳೆಯ ದಾರಿ ಗಡಸು ಸ್ವರಗಳನ್ನು ಚೆನ್ನಾಗಿ ಸಾಗಿಸುತ್ತದೆ. ಅದರಿಂದ ನಮ್ಮ ಧ್ವನಿ ನಮಗೆ ತುಂಬಿಕೊಂಡಂತೆ, ಗಂಭೀರವಾಗಿ ಕೇಳಿಸುತ್ತದೆ. ಫೋನಿಗೆ ಹೋಗುವುದು ಗಾಳಿಯ ದಾರಿಯ ಧ್ವನಿ ಮಾತ್ರ. ಆದ್ದರಿಂದ ರೆಕಾರ್ಡಿನಲ್ಲಿ ಅದು ತೆಳ್ಳಗೆ ಅನಿಸುತ್ತದೆ. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿ ಮಾತನಾಡಿ ನೋಡಿ. ಆಗ ಕೇಳಿಸುವುದು ಬಹುಪಾಲು ಮೂಳೆಯ ದಾರಿಯ ಧ್ವನಿ.

ಈ ಪ್ರಯೋಗವನ್ನು ತರಗತಿಯಲ್ಲಿ ಎಲ್ಲರೂ ಮಾಡಿದೆವು. ಒಬ್ಬೊಬ್ಬರೂ ಎರಡು ಸಾಲು ಓದಿ ರೆಕಾರ್ಡ್ ಮಾಡಿದೆವು. "ಅಯ್ಯೋ, ಇದು ನಾನಲ್ಲ!" ಎಂದು ಪ್ರತಿಯೊಬ್ಬರೂ ಕಿರುಚಿದರು, ನಾವೂ ಸೇರಿ. ಆದರೆ ಪಕ್ಕದವರ ಧ್ವನಿ ಕೇಳಿದಾಗ "ನಿನ್ನದು ಸರಿಯಾಗೇ ಇದೆ" ಎಂದರು. ಆ ಹುಡುಗ ಇದನ್ನು ಗಮನಿಸಿದ. ಅಜ್ಜಿ ಅವನನ್ನು ಹುಟ್ಟಿದಂದಿನಿಂದ ಕೇಳಿರುವುದು ಗಾಳಿಯ ದಾರಿಯ ಧ್ವನಿಯನ್ನೇ. ಅವರಿಗೆ ಅದೇ ಮೊಮ್ಮಗನ ಧ್ವನಿ. ಮುಂದಿನ ಶುಕ್ರವಾರ ಅವನು ಮತ್ತೆ ಮೆಸೇಜ್ ಕಳುಹಿಸಿದ ಎಂದು ಅವನ ತಾಯಿ ನಮಗೆ ತಿಳಿಸಿದರು. ಈ ಪ್ರಶ್ನೆ ಯಾವ ಪರೀಕ್ಷೆಗೂ ಬರುವುದಿಲ್ಲ. ಆದರೆ ಉತ್ತರ ಸಿಗದಿದ್ದರೆ ಒಬ್ಬ ಅಜ್ಜಿ ಕಾಯುತ್ತಲೇ ಇರುತ್ತಿದ್ದರು.

ಕೊನೆಯ ಮಾತು

ಪ್ರಿಯ ಪೋಷಕರೇ, ಮಕ್ಕಳ ಎಲ್ಲ ಪ್ರಶ್ನೆಗೂ ನಮ್ಮಲ್ಲಿ ಉತ್ತರ ಇರಬೇಕಿಲ್ಲ. "ಗೊತ್ತಿಲ್ಲ, ಬಾ ನೋಡೋಣ" ಎಂದರೆ ಸಾಕು. ಹಾಗೆ ಹೇಳಿದ ದಿನ ಮಗುವಿಗೆ ಎರಡು ಪಾಠ ಸಿಗುತ್ತವೆ: ದೊಡ್ಡವರಿಗೂ ಗೊತ್ತಿಲ್ಲದ್ದು ಇರುತ್ತದೆ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಬಹುದು. ಉತ್ತರವನ್ನು ಮನೆಮಾತಿನಲ್ಲೇ ಹೇಳಿ. ಕೆನೆ, ನೊರೆ, ಸೆಕೆ, ಸೀಗೆಕಾಯಿ, ಎಲಚಿ – ಈ ಒಂದೇ ಲೇಖನದಲ್ಲಿ ಎಷ್ಟು ಕನ್ನಡ ಪದಗಳು ಬಂದವು ನೋಡಿ. ಇವು ಶಬ್ದಕೋಶದಿಂದ ಕಲಿಯುವ ಪದಗಳಲ್ಲ. ಅಡುಗೆ ಮನೆಯಲ್ಲಿ, ಅಂಗಳದಲ್ಲಿ, ಫೋನಿನಲ್ಲಿ ಅಜ್ಜಿಯ ಜೊತೆ ಮಾತನಾಡುತ್ತಾ ಬರುವ ಪದಗಳು.

ಮಕ್ಕಳೇ, ದೊಡ್ಡ ತರಗತಿಗೆ ಹೋದಂತೆ ಪ್ರಶ್ನೆ ಕೇಳಲು ನಾಚಿಕೆ ಬೇಡ. ನೀವು ಕಂಡದ್ದು ಚಿಕ್ಕ ವಿಷಯ ಎಂದು ಬಿಡಬೇಡಿ. ಬರುವ ವರ್ಷವೂ 'ಯಾಕೆ ಡಬ್ಬಿ' ಕನ್ನಡ ತರಗತಿಯ ಮೇಜಿನ ಮೇಲೆ ಇರುತ್ತದೆ. ಒಂಬತ್ತನೇ ತರಗತಿಯವರ ಚೀಟಿಗಳಿಗಾಗಿ ನಾವು ವಿಶೇಷವಾಗಿ ಕಾಯುತ್ತಿರುತ್ತೇವೆ.